ಫೇಡರ್ ಮೇಲಿನ ಬೆರಳು

ಮೂರು ವರ್ಷದ ಹಿಂದಿನ ಮಳೆಗಾಲ. ಬೆಂಗಳೂರಿನ ನಮ್ಮ ಮನೆಯಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ ನನ್ನ ಪಾಲಿಗಿದೆ. ಆ ರಾತ್ರಿ ಒಂದು ಡ್ರಮ್ ಮಷೀನ್, ಎರಡು ಸಿಂಥಸೈಸರ್, ಒಂದು ಡಿಲೇ ಪೆಟ್ಟಿಗೆ ಇಷ್ಟನ್ನೂ ಮಿಕ್ಸರ್‌ಗೆ ಸಿಕ್ಕಿಸಿಕೊಂಡು ನುಡಿಸುತ್ತ ಕೂತಿದ್ದೆ. ಸುಮಾರು ನಲವತ್ತು ನಿಮಿಷ ಎಲ್ಲವೂ ಕೂಡಿಬಂತು. ಎಡಗೈ ಫಿಲ್ಟರ್ ತಿರುಗಿಸುತ್ತಿತ್ತು, ಬಲಗೈ ಧ್ವನಿಮಟ್ಟದ ಫೇಡರ್‌ಗಳನ್ನು ಏರಿಸುತ್ತ ಇಳಿಸುತ್ತ ಇತ್ತು. ಪ್ರತಿ ಯಂತ್ರದ ಧ್ವನಿಯೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಮುದ್ರಣವಾಗುತ್ತಿದ್ದುದರಿಂದ ಮಿಕ್ಸಿಂಗ್ ನಾಳೆ ನೋಡಿಕೊಂಡರಾಯಿತು ಎಂದು ನಿಶ್ಚಿಂತೆಯಾಗಿ ಮಲಗಿದೆ. ಬೆಳಗ್ಗೆ ಕಂಪ್ಯೂಟರ್‌ನಲ್ಲಿ ತೆರೆದು ಕೇಳಿದರೆ ವಾದ್ಯಗಳೆಲ್ಲ ಇದ್ದವು, ಹಾಡು ಮಾತ್ರ ಇರಲಿಲ್ಲ. ಆ ಮಿಕ್ಸರ್ ಧ್ವನಿಯನ್ನು ಫೇಡರ್‌ಗೆ ಬರುವ ಮೊದಲೇ ತೆಗೆದುಕೊಂಡು ಟ್ರ್ಯಾಕ್‌ಗೆ ಕಳಿಸುತ್ತಿತ್ತು. ನನ್ನ ಬಲಗೈ ನಲವತ್ತು ನಿಮಿಷ ಮಾಡಿದ್ದೆಲ್ಲ ಎಲ್ಲೂ ದಾಖಲಾಗಿರಲಿಲ್ಲ. ಎರಡು ವಾರ ಕೂತು ಅದನ್ನು ಮತ್ತೆ ಕಟ್ಟಲು ನೋಡಿದೆ. ಕೈಗೆ ಹತ್ತಲೇ ಇಲ್ಲ.

ಈ ಲೇಖನದ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಸಿಂಥ್, ಡ್ರಮ್ ಮಷೀನ್, ಸೀಕ್ವೆನ್ಸರ್ ಮುಂತಾದ ಕೈಗೆ ಸಿಗುವ ಯಂತ್ರಗಳಿಂದ ಸಂಗೀತ ಮಾಡುವವರು ಮಿಕ್ಸಿಂಗ್ ಯಾವಾಗ ಮಾಡಬೇಕು? ಮುದ್ರಿಸುವ ಮೊದಲೋ, ಮುದ್ರಿಸುತ್ತಲೋ, ಆಮೇಲೋ? ಇಡೀ ಸಂಗೀತವನ್ನು ಲ್ಯಾಪ್‌ಟಾಪ್‌ನಲ್ಲೇ ಮಾಡುವವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಪ್ರತಿಯೊಂದು ಹೊಂದಿಕೆಯನ್ನೂ ಫೈಲ್ ನೆನಪಿಟ್ಟುಕೊಂಡಿರುತ್ತದೆ, ಆರು ತಿಂಗಳ ಬಳಿಕ ತೆರೆದರೂ ಎಲ್ಲ ಇದ್ದಲ್ಲೇ ಇರುತ್ತದೆ. ಯಂತ್ರಗಳಲ್ಲಿ ಹಾಗಲ್ಲ. ಹಳೆಯ ಮಿನಿಮೂಗ್ ಸಿಂಥ್‌ಗೆ ನೆನಪೆಂಬುದೇ ಇರಲಿಲ್ಲ. ಗುಂಡಿ ಎಲ್ಲಿ ನಿಂತಿತ್ತೋ ಅದೇ ಧ್ವನಿ, ತಿರುಗಿಸಿದರೆ ಮುಗಿಯಿತು. ಮಾಡಿದ ಧ್ವನಿಯನ್ನು ಉಳಿಸಿಟ್ಟು ಮತ್ತೆ ಕರೆಯುವ ಸೌಲಭ್ಯ ಬಹುಸ್ವರ ಸಿಂಥ್‌ಗಳಿಗೆ ಸಮರ್ಪಕವಾಗಿ ಬಂದದ್ದು 1978ರ ಪ್ರಾಫೆಟ್-5ರಿಂದ. ಇಂದಿನ ಯಂತ್ರಗಳಿಗೆ ನೆನಪಿದೆ ನಿಜ. ಆದರೆ ಅವುಗಳ ನಡುವಿನ ವೈರು, ಮಿಕ್ಸರ್‌ನ ಗುಂಡಿಗಳು, ಆ ಹೊತ್ತಿನ ಕೈ ಇವುಗಳಿಗೆ ಇಂದಿಗೂ ಇಲ್ಲ.

ಹಿಂದಿನವರು ಇದನ್ನು ಹೇಗೆ ನಿಭಾಯಿಸಿದರು ಎಂದು ನೋಡಿದರೆ ಎರಡು ದಾರಿಗಳು ಕಾಣುತ್ತವೆ.

ಒಂದು ಪದರ ಪದರವಾಗಿ ಕಟ್ಟುವ ದಾರಿ. 1963ರಲ್ಲಿ ಲಂಡನ್ನಿನ ಬಿಬಿಸಿ ರೇಡಿಯೊಫೋನಿಕ್ ವರ್ಕ್‌ಶಾಪ್‌ನಲ್ಲಿ ಡೀಲಿಯಾ ಡರ್ಬಿಶೈರ್ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತ ಮಾಡಿದಾಗ ಅವರ ಬಳಿ ಸಿಂಥಸೈಸರ್ ಇರಲಿಲ್ಲ, ಬಹುಟ್ರ್ಯಾಕ್ ಯಂತ್ರವೂ ಇರಲಿಲ್ಲ. ರಾನ್ ಗ್ರೈನರ್ ಬರೆದುಕೊಟ್ಟ ರಾಗದ ಒಂದೊಂದು ಸ್ವರವನ್ನೂ ಆಸಿಲೇಟರ್‌ನಿಂದಲೋ ಮೀಟಿದ ತಂತಿಯಿಂದಲೋ ಟೇಪಿಗೆ ಇಳಿಸಿ, ಸ್ವರದ ಕಾಲಕ್ಕೆ ತಕ್ಕ ಉದ್ದಕ್ಕೆ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ಒಂದೊಂದು ಪದರಕ್ಕೂ ಒಂದೊಂದು ಸುರುಳಿ ಮಾಡಿ, ಆ ಸುರುಳಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಒಮ್ಮೆಗೇ ಓಡಿಸಿ ಬೆರೆಸಿದರು. ಎಲ್ಲೋ ಒಂದು ಸ್ವರ ತಪ್ಪಿದ್ದಾಗ ಸುರುಳಿಗಳನ್ನು ಕಟ್ಟಡದ ಉದ್ದನೆಯ ಕಾರಿಡಾರ್‌ನಲ್ಲಿ ಅಕ್ಕಪಕ್ಕ ಹಾಸಿ, ಅಂಟುಗಳನ್ನು ಎಣಿಸುತ್ತ ಹೋಗಿ ತಪ್ಪು ಹುಡುಕಿದರು ಎಂದು ಅವರ ಜೊತೆಗಿದ್ದ ಡಿಕ್ ಮಿಲ್ಸ್ ಹೇಳಿದ್ದುಂಟು. ಐದು ವರ್ಷದ ನಂತರ ಅಮೆರಿಕದಲ್ಲಿ ವೆಂಡಿ ಕಾರ್ಲೋಸ್ 'ಸ್ವಿಚ್ಡ್-ಆನ್ ಬಾಖ್' ಮಾಡಿದ್ದು ಮೂಗ್ ಸಿಂಥ್‌ನಲ್ಲಿ. ಅದು ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುತ್ತಿತ್ತು, ಶ್ರುತಿಯಂತೂ ಸ್ವಲ್ಪ ಹೊತ್ತಿಗೇ ಜಾರುತ್ತಿತ್ತು. ಚೂರು ನುಡಿಸಿ, ನಿಲ್ಲಿಸಿ, ಶ್ರುತಿ ನೋಡಿಕೊಂಡು, ಮತ್ತೆ ನುಡಿಸಿ ಎಂಟು ಟ್ರ್ಯಾಕ್‌ಗಳ ಟೇಪನ್ನು ತುಂಬಿಸಿದರು. ಇಬ್ಬರ ಕೆಲಸದಲ್ಲೂ ಮಿಕ್ಸಿಂಗ್ ಕೊನೆಯಲ್ಲಿ ಬರುವ ಬೇರೊಂದು ಹಂತ. ಮುದ್ರಣ ಮುಗಿಯುವವರೆಗೆ ಇಡೀ ಕೃತಿಯನ್ನು ಅವರೂ ಕೇಳಿರಲಿಲ್ಲ.

ಇನ್ನೊಂದು ದಾರಿ ಜಮೈಕಾದ ಕಿಂಗ್‌ಸ್ಟನ್‌ನಿಂದ ಬಂತು. ಕಿಂಗ್ ಟಬ್ಬಿ ಎಂದು ಹೆಸರಾದ ಆಸ್ಬರ್ನ್ ರಡಕ್ ಮೂಲತಃ ಆಂಪ್ಲಿಫೈಯರ್ ಕಟ್ಟುತ್ತಿದ್ದ, ರಿಪೇರಿ ಮಾಡುತ್ತಿದ್ದ ಎಲೆಕ್ಟ್ರಾನಿಕ್ಸ್ ಕಸುಬಿನವರು. ನಾಲ್ಕೇ ಟ್ರ್ಯಾಕ್‌ಗಳ ಮಿಕ್ಸರ್ ಇಟ್ಟುಕೊಂಡು, ಮೊದಲೇ ಮುದ್ರಣವಾಗಿದ್ದ ಹಾಡುಗಳ ದನಿಯನ್ನು ತೆಗೆದು, ಬೇಸ್ ಮತ್ತು ಡ್ರಮ್ ಮಾತ್ರ ಬಿಟ್ಟು, ಎಕೋ ಸುರಿದು, ಕೆಳಸ್ವರಗಳನ್ನು ಸೋಸುವ ಫಿಲ್ಟರ್‌ನ ದೊಡ್ಡ ಗುಂಡಿಯನ್ನು ತಿರುಗಿಸುತ್ತ 1970ರ ದಶಕದಲ್ಲಿ ಅವರು ಡಬ್ ಸಂಗೀತವನ್ನು ರೂಪಿಸಿದರು. ಮಿಕ್ಸರ್ ಅಲ್ಲಿ ವಾದ್ಯವಾಯಿತು. ಎರಡು ಸಲ ಮಾಡಿದರೆ ಎರಡು ಬೇರೆ ಕೃತಿಗಳು. ಯಂತ್ರಸಂಗೀತದವರ ನಿಜವಾದ ಗುರು ಟಬ್ಬಿಯೇ ಎಂದು ನನಗೆ ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಅನ್ನಿಸುತ್ತಿದೆ.

ನಮ್ಮ ದೇಶದ ಉದಾಹರಣೆಯೊಂದನ್ನು ಇಲ್ಲಿ ತರಲೇಬೇಕು. ಮುಂಬೈಯ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲಂಡ್ ಕಂಪನಿಯ ಜೂಪಿಟರ್-8 ಸಿಂಥ್, ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಮಷೀನ್ ಈ ಮೂರನ್ನೇ ನೆಚ್ಚಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದ ಧ್ವನಿಮುದ್ರಿಕೆ ತಂದರು. ಆಗ ಅದು ಹೆಚ್ಚಿನವರ ಕಿವಿಗೆ ಬೀಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಲೋಕ ಬೆರಗಾಯಿತು. ಏಕೆಂದರೆ ಅದೇ 303ರ ಗುಂಡಿಗಳನ್ನು ಓಡುತ್ತಿರುವಾಗಲೇ ತಿರುಗಿಸುತ್ತ ಷಿಕಾಗೊದ ಫ್ಯೂಚರ್ ತಂಡ 'ಆಸಿಡ್ ಟ್ರ್ಯಾಕ್ಸ್' ಹೊರತಂದದ್ದು 1987ರಲ್ಲಿ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಸಿಂಗ್ ಅವರಲ್ಲಿ ಬೇಸ್ ಮತ್ತು ತಾಳ ಶ್ರುತಿಪೆಟ್ಟಿಗೆಯ ಹಾಗೆ ಹಿಂದೆ ನಿಂತಿವೆ, ಮುಂದೆ ರಾಗ ವಿಸ್ತರಿಸುತ್ತದೆ. ಫ್ಯೂಚರ್ ತಂಡದಲ್ಲಿ ರಾಗವೇ ಇಲ್ಲ, ಫಿಲ್ಟರ್ ತೆರೆದು ಮುಚ್ಚುವುದೇ ಹನ್ನೊಂದು ನಿಮಿಷದ ಕಥೆ. ಎರಡರಲ್ಲೂ ಸಾಮಾನ್ಯವಾದದ್ದು ಇದು: ಪ್ರತಿ ಯಂತ್ರ ತನ್ನ ಜಾಗದಲ್ಲಿ ಕೂತಿದೆ, ಒಂದರ ಮೇಲೊಂದು ಏರಿಲ್ಲ. ಆಯ್ಕೆ ಸರಿಯಿದ್ದರೆ ಮಿಕ್ಸಿಂಗ್ ಮುಕ್ಕಾಲು ಪಾಲು ಮುಗಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಈ ಎರಡು ದಾರಿಗಳ ನಡುವೆ ಸೇತುವೆ ಕಟ್ಟುತ್ತ ಬಂದದ್ದು ಸಲಕರಣೆಗಳು. 1979ರಲ್ಲಿ ಟಾಸ್ಕಾಮ್ ಕಂಪನಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಮುದ್ರಿಸುವ ಪೋರ್ಟಾಸ್ಟುಡಿಯೊ ತಂದು ಮನೆಯ ಕೋಣೆಗೆ ಸ್ಟುಡಿಯೊ ಇಳಿಸಿತು. 1983ರಲ್ಲಿ ಯಂತ್ರಗಳು ಒಂದಕ್ಕೊಂದು ಸುದ್ದಿ ಕಳಿಸುವ ಮಿಡಿ ಎಂಬ ಭಾಷೆ ಬಂದು ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ತಾಳಕ್ಕೆ ಬಂದವು. ಇಂದು ಹನ್ನೆರಡರಿಂದ ಇಪ್ಪತ್ತನಾಲ್ಕು ಚಾನೆಲ್‌ಗಳ ಮಿಕ್ಸರ್‌ಗಳು ಮೆಮೊರಿ ಕಾರ್ಡಿಗೇ ಎಲ್ಲ ಟ್ರ್ಯಾಕ್‌ಗಳನ್ನೂ ಇಳಿಸಿಕೊಳ್ಳುತ್ತವೆ. ಕೆಲವು ಡ್ರಮ್ ಮಷೀನ್‌ಗಳು ಒಂದೇ ಯುಎಸ್‌ಬಿ ವೈರಿನಲ್ಲಿ ಪ್ರತಿ ಪೆಟ್ಟನ್ನೂ ಬೇರೆಯಾಗಿ ಕಳಿಸುತ್ತವೆ. ಹಾಗಾಗಿ ಒಂದು ನಂಬಿಕೆ ಬೇರೂರಿದೆ: ಎಲ್ಲವನ್ನೂ ಬೇರೆ ಬೇರೆ ಹಿಡಿದಿಟ್ಟುಕೋ, ನಿರ್ಧಾರ ಆಮೇಲೆ. ಇದಕ್ಕೆ ಎದುರಾಗಿ ಎರಡೇ ಟ್ರ್ಯಾಕ್‌ಗೆ, ಅಂದರೆ ನೇರ ಸ್ಟೀರಿಯೊಗೆ ಮುದ್ರಿಸುವವರ ಗುಂಪು ಇದೆ. ತಪ್ಪಿದರೆ ಮತ್ತೆ ನುಡಿಸುತ್ತಾರೆ, ತಿದ್ದುವುದಿಲ್ಲ.

ನನ್ನ ಒಲವು ಎರಡನೆಯವರ ಕಡೆಗೆ. ಆದರೆ ಅನುಭವ ಹೇಳಿಕೊಟ್ಟಿದ್ದು ಎರಡನ್ನೂ ಒಟ್ಟಿಗೆ ಮಾಡು ಎಂದು. ಮಿಕ್ಸರ್‌ನಿಂದ ಹೊರಬರುವ ಸ್ಟೀರಿಯೊ ಮುದ್ರಣ ತಪ್ಪದೆ ಆಗಬೇಕು, ಅದೇ ಮುಖ್ಯ ಪ್ರತಿ. ಬಿಡಿ ಟ್ರ್ಯಾಕ್‌ಗಳು ರಿಪೇರಿಗೆ. ಒಂದು ಪೆಟ್ಟು ಕಿವಿಗೆ ಚುಚ್ಚಿದರೆ, ಒಂದು ಚಾನೆಲ್ ಒಡೆದರೆ ಆ ಭಾಗವನ್ನಷ್ಟೇ ಬಿಡಿ ಟ್ರ್ಯಾಕ್‌ನಿಂದ ತಂದು ಹೊಲಿಯಬಹುದು. ಹೊಸ ಮಿಕ್ಸರ್ ಕೊಳ್ಳುವವರು ಬಣ್ಣದ ದೀಪ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ: ಟ್ರ್ಯಾಕ್‌ಗೆ ಹೋಗುವ ಧ್ವನಿ ಫೇಡರ್‌ಗೆ ಮೊದಲಿನದೋ, ನಂತರದ್ದೋ? ಸ್ಟೀರಿಯೊ ಮಿಕ್ಸ್ ಅನ್ನೂ ಜೊತೆಗೇ ಮುದ್ರಿಸುತ್ತದೋ ಇಲ್ಲವೋ?

ಇನ್ನು ಆಮೇಲೆ ತಿದ್ದಲಾಗದ ಸಂಗತಿಗಳಿಗೆ ಬರೋಣ. ಅವುಗಳಲ್ಲಿ ಮೊದಲನೆಯದು ನಮ್ಮ ದೇಶದ ಕರೆಂಟು.

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಪೂರೈಸುತ್ತದೆ, ಅಂದರೆ 50 ಹರ್ಟ್ಸ್. ಅರ್ಥಿಂಗ್ ಸರಿಯಿಲ್ಲದಿದ್ದರೆ, ಇಲ್ಲವೇ ಎರಡು ಯಂತ್ರಗಳು ಎರಡು ಬೇರೆ ದಾರಿಗಳಿಂದ ಭೂಮಿಗೆ ತಾಗಿದ್ದರೆ, ಆ 50 ಹರ್ಟ್ಸ್ ಆಡಿಯೊ ವೈರಿಗೆ ನುಗ್ಗಿ ಗುಂಯ್ ಎನ್ನುತ್ತದೆ. ಜೊತೆಗೆ ಅದರ ಮರಿಗಳಾದ 100, 150 ಹರ್ಟ್ಸ್‌ಗಳು. ಅತ್ತ 808ರಂಥ ಡ್ರಮ್ ಮಷೀನ್‌ನ ದೊಡ್ಡ ಪೆಟ್ಟು, ನಾವು ಕಿಕ್ ಎನ್ನುವುದು, ಮೊಳಗುವುದು ಕೂಡ ಸುಮಾರು 50 ಹರ್ಟ್ಸ್‌ನಲ್ಲೇ. ಕೋಣೆಯ ಲೆಕ್ಕವನ್ನೂ ಹಾಕಿ ನೋಡಿ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹನ್ನೆರಡಡಿ ಅಂದರೆ 3.66 ಮೀಟರ್ ದೂರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಅಲೆ ನಿಂತು ಮೊರೆಯುತ್ತದೆ, ಹತ್ತಡಿಯ ಗೋಡೆಗಳ ನಡುವೆ ಸುಮಾರು 56ರದು. ಹತ್ತು ಹನ್ನೆರಡರ ಕೋಣೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ? ಕರೆಂಟಿನ ಗುಂಯ್‌ಕಾರ, ಕಿಕ್ಕಿನ ಮೊಳಗು, ಕೋಣೆಯ ಮೊರೆತ ಮೂರೂ ಹತ್ತು ಹರ್ಟ್ಸ್‌ಗಳ ಒಳಗೆ ಒಂದರ ಮಡಿಲಲ್ಲೊಂದು ಕೂತಿರುತ್ತವೆ.

ಇದರ ಪರಿಣಾಮ ಗಂಭೀರವಾದದ್ದು. ಮುದ್ರಣದ ನಂತರ ಈಕ್ವಲೈಜರ್ ಹಿಡಿದು 50 ಹರ್ಟ್ಸ್ ಕತ್ತರಿಸಲು ಹೋದರೆ ಗುಂಯ್‌ಕಾರದ ಜೊತೆ ಕಿಕ್ಕಿನ ಜೀವವೂ ಹೋಗುತ್ತದೆ. ಕೋಣೆಯ ಮಧ್ಯದಲ್ಲಿ ಕೂತು ಕೇಳಿದರೆ ಆ ಅಲೆ ಬಹುತೇಕ ಸತ್ತಿರುತ್ತದೆ, ಗೋಡೆಗೆ ಆತು ಕೂತರೆ ಉಕ್ಕುತ್ತಿರುತ್ತದೆ. ಮಧ್ಯದಲ್ಲಿ ಕೂತವನು ಕಿಕ್ ಸಾಲದೆಂದು ಏರಿಸುತ್ತಾನೆ, ಅದೇ ಮುದ್ರಣ ಗೆಳೆಯನ ಕಾರಿನಲ್ಲಿ ಬಾಗಿಲು ನಡುಗಿಸುತ್ತದೆ. ನಾನು ಮಾಡಿದ ಮೊದಲ ಹತ್ತಾರು ಮುದ್ರಣಗಳ ಗತಿ ಅದೇ. ಇನ್ನೊಂದು ಮಾತು: 50 ಹರ್ಟ್ಸ್ ಎಂಬುದು ಪಾಶ್ಚಾತ್ಯ ಕ್ರಮದ ಜಿ ಸ್ವರಕ್ಕಿಂತ, ಅಂದರೆ 49 ಹರ್ಟ್ಸ್‌ಗಿಂತ, ಕೊಂಚ ಮೇಲಿದೆ. ನೀವು ಒಂದು ಮನೆ ಶ್ರುತಿಯಲ್ಲಿ, ಅಂದರೆ ಸಿ ಸ್ವರವನ್ನು ಷಡ್ಜವಾಗಿಟ್ಟು, ನುಡಿಸುತ್ತಿದ್ದರೆ ಮನೆಯ ವೈರಿಂಗು ಹಿಂದೆ ಕೂತು ಶ್ರುತಿ ತಪ್ಪಿದ ಮಂದ್ರ ಪಂಚಮವನ್ನು ಹಾಡುತ್ತಲೇ ಇರುತ್ತದೆ. ಸಂಗೀತ ಕಲಿತ ಕಿವಿಗೆ ಅದು ಸಹಿಸಲಾಗದ ಹಿಂಸೆ.

ಪರಿಹಾರಗಳು ಸರಳ, ಆದರೆ ಎಲ್ಲವೂ ಮುದ್ರಣಕ್ಕೆ ಮೊದಲಿನವು. ಎಲ್ಲ ಯಂತ್ರಗಳಿಗೂ ಒಂದೇ ಗೋಡೆಯ ಸಾಕೆಟ್‌ನಿಂದ ಕರೆಂಟು ಕೊಡಿ. ಸಾಧ್ಯವಿದ್ದ ಕಡೆ ಬ್ಯಾಲೆನ್ಸ್ಡ್ ವೈರು ಬಳಸಿ. ಇನ್ನೂ ಗುಂಯ್‌ಗುಟ್ಟುವ ಯಂತ್ರವಿದ್ದರೆ ಅದರ ಧ್ವನಿಯನ್ನು ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆಯ ಮೂಲಕ ಹಾಯಿಸಿ. ಚೌಕದಲೆಯ ಅಗ್ಗದ ಇನ್ವರ್ಟರ್ ಓಡುತ್ತಿರುವಾಗ ಮುದ್ರಿಸುವುದು ವ್ಯರ್ಥ, ಕರೆಂಟು ಬರುವವರೆಗೆ ಕಾಯಿರಿ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಗುಂಯ್‌ಕಾರ ನಿಲ್ಲಿಸುತ್ತಾರೆ. ಅದನ್ನು ಎಂದೂ ಮಾಡಬೇಡಿ. ಸಂಗೀತಕ್ಕಾಗಿ ಪ್ರಾಣವನ್ನು ಪಣಕ್ಕಿಡುವ ಅಗತ್ಯವಿಲ್ಲ. ಬೇಸ್ ಎಷ್ಟಿದೆಯೆಂದು ತಿಳಿಯಲು ಹೆಡ್‌ಫೋನ್ ಹಾಕಿಕೊಂಡೊಮ್ಮೆ, ಕೋಣೆಯಲ್ಲಿ ಎರಡು ಮೂರು ಜಾಗಗಳಲ್ಲಿ ನಿಂತೊಮ್ಮೆ ಕೇಳಬೇಕು.

ಮಟ್ಟದ ವಿಷಯ ಬೇಗ ಮುಗಿಸಬಹುದು. ಸ್ಟುಡಿಯೊ ಸಲಕರಣೆಗಳ ರೂಢಿಯ ಮಟ್ಟ ಸುಮಾರು 1.23 ವೋಲ್ಟ್, ಮನೆಬಳಕೆಯವುಗಳದ್ದು 0.316 ವೋಲ್ಟ್. ಹತ್ತಿರ ಹತ್ತಿರ 12 ಡೆಸಿಬೆಲ್ ಅಂತರ. ಮಾಡ್ಯುಲರ್ ಸಿಂಥ್ ಇವೆರಡನ್ನೂ ಮೀರಿ, ಶಿಖರದಿಂದ ತಳಕ್ಕೆ ಸುಮಾರು 10 ವೋಲ್ಟ್ ಉಗುಳುತ್ತದೆ. ಇವೆಲ್ಲವನ್ನೂ ಒಂದೇ ಮಿಕ್ಸರ್‌ಗೆ ತಂದಾಗ ಮೊದಲ ಕೆಲಸ ಪ್ರತಿ ಚಾನೆಲ್‌ನ ಗೇನ್ ಹೊಂದಿಸುವುದು. ಟೇಪಿನ ಕಾಲದಲ್ಲಿ ಮುದ್ರಣವನ್ನು ಜೋರಾಗಿ ಹೊಡೆಯಬೇಕಿತ್ತು, ಇಲ್ಲದಿದ್ದರೆ ಟೇಪಿನ ಸುಯ್ ಎನ್ನುವ ಸದ್ದು ಮೇಲೇಳುತ್ತಿತ್ತು. ಆ ಅಭ್ಯಾಸವನ್ನು 24 ಬಿಟ್ ಮುದ್ರಣಕ್ಕೂ ಒಯ್ದವರು ಕೆಂಪು ದೀಪ ಹತ್ತಿಸಿಕೊಂಡು ಒಳ್ಳೆಯ ನುಡಿತ ಹಾಳುಮಾಡಿಕೊಳ್ಳುತ್ತಾರೆ. ಲೆಕ್ಕದಲ್ಲಿ 16 ಬಿಟ್‌ಗೆ 96 ಡೆಸಿಬೆಲ್, 24ಕ್ಕೆ 144 ಡೆಸಿಬೆಲ್ ಹರವು ಇದೆ. ಯಾವ ಸಿಂಥ್‌ಗೂ ಅಷ್ಟು ಬೇಕಿಲ್ಲ. ಸರಾಸರಿ ಮಟ್ಟ ಮೇಲ್ಮಿತಿಯಿಂದ 18 ಡೆಸಿಬೆಲ್ ಕೆಳಗಿರಲಿ, ಫಿಲ್ಟರ್‌ನ ರೆಸೊನೆನ್ಸ್ ಏರಿಸಿದಾಗ ಚಿಮ್ಮುವ ಶಿಖರಕ್ಕೆ ಜಾಗ ಬೇಕು. ಸುಮ್ಮನಿರುವ ಯಂತ್ರದ ಚಾನೆಲ್ ಮುಚ್ಚಿಡುವುದೂ ಅಷ್ಟೇ ಮುಖ್ಯ. ಯಂತ್ರಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಅವುಗಳ ಸುಯ್‌ಕಾರ 3 ಡೆಸಿಬೆಲ್ ಏರುತ್ತದೆ. ಎಂಟು ಯಂತ್ರಗಳೆಂದರೆ 9 ಡೆಸಿಬೆಲ್.

ತಾಳದ ವಿಷಯದಲ್ಲಿ ಜನ ಅನಗತ್ಯವಾಗಿ ಹೆದರುವುದೂ ಉಂಟು, ಹೆದರಬೇಕಾದಲ್ಲಿ ಹೆದರದಿರುವುದೂ ಉಂಟು. ಮಿಡಿ ಒಂದು ಸ್ವರದ ಸುದ್ದಿ ಮುಟ್ಟಿಸಲು ಸುಮಾರು 1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಕಂಪ್ಯೂಟರ್ ಧ್ವನಿಯನ್ನು 256 ಮಾದರಿಗಳ ಕಂತುಗಳಲ್ಲಿ ತೆಗೆದುಕೊಂಡರೆ 48 ಕಿಲೊಹರ್ಟ್ಸ್‌ನಲ್ಲಿ 5.3 ಮಿಲಿಸೆಕೆಂಡ್ ತಡ. ಆದರೆ ಗಾಳಿಯಲ್ಲಿ ಧ್ವನಿ ಒಂದು ಮೀಟರ್ ದಾಟಲು ಮೂರು ಮಿಲಿಸೆಕೆಂಡ್ ಬೇಕು. ಕಛೇರಿಯ ವೇದಿಕೆಯಲ್ಲಿ ಎರಡು ಮೀಟರ್ ಆಚೆ ಕೂತ ಮೃದಂಗದ ಪೆಟ್ಟು ಗಾಯಕರ ಕಿವಿಗೆ ಆರು ಮಿಲಿಸೆಕೆಂಡ್ ತಡವಾಗಿಯೇ ಬರುತ್ತದೆ, ಯಾರ ತಾಳವೂ ತಪ್ಪುವುದಿಲ್ಲ. ಒಂದೇ ಸಮನಾದ ತಡವನ್ನು ಆಮೇಲೆ ಟ್ರ್ಯಾಕ್ ಸರಿಸಿ ಸರಿಮಾಡಬಹುದು. ಕೆಡುಕು ಇರುವುದು ಅಲುಗಾಟದಲ್ಲಿ: ಒಂದು ಪೆಟ್ಟು ಎರಡು ಮಿಲಿಸೆಕೆಂಡ್ ಮುಂಚೆ, ಮುಂದಿನದು ನಾಲ್ಕು ತಡ. ಲ್ಯಾಪ್‌ಟಾಪ್‌ನಿಂದ ಹೊರಟ ಮಿಡಿ ಗಡಿಯಾರದಲ್ಲಿ ಇದು ಹೆಚ್ಚು. ಆದ್ದರಿಂದ ತಾಳದ ಯಜಮಾನಿಕೆಯನ್ನು ಡ್ರಮ್ ಮಷೀನ್‌ಗೇ ಕೊಟ್ಟು, ಉಳಿದ ಯಂತ್ರಗಳು ಅದನ್ನು ಹಿಂಬಾಲಿಸಲಿ, ಕಂಪ್ಯೂಟರ್ ಬರೀ ಮುದ್ರಿಸಿಕೊಳ್ಳಲಿ ಎಂಬುದು ಅನೇಕರು ಪಾಲಿಸುವ, ನಾನೂ ಪಾಲಿಸುವ ಕ್ರಮ.

ಮಿಕ್ಸಿಂಗ್ ಎಂಬ ಕಲೆಯ ತಿರುಳು ಜಾಗ ಹಂಚುವುದು. ಈ ಪಾಠವನ್ನು ನನಗೆ ಕಲಿಸಿದ್ದು ಸಿಂಥ್ ಅಲ್ಲ, ಎಲೆಕ್ಟ್ರಾನಿಕ್ ತಂಬೂರಿ. ಯಂತ್ರವಾದ್ಯ ಎಂದರೆ ಹೊರದೇಶದ್ದೆಂದು ಭಾವಿಸುವವರು ನೆನೆಯಬೇಕು, ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರೇಡೆಲ್ ಸಂಸ್ಥೆಯ ತಂಬೂರಿ ಪೆಟ್ಟಿಗೆ ದಶಕಗಳಿಂದ ಸಂಗೀತದ ಮನೆಗಳಲ್ಲಿದೆ. ಹಾಡುವವರು ಕೂತಕೂಡಲೇ ಏನು ಮಾಡುತ್ತಾರೆ ನೋಡಿ: ಶ್ರುತಿಯ ಗುಂಡಿ ತಿರುಗಿಸಿ ಹೊಂದಿಸುತ್ತಾರೆ, ಒಂದು ಷಡ್ಜ ಹಿಡಿಯುತ್ತಾರೆ, ತಂಬೂರಿ ತಮ್ಮ ದನಿಯ ಮೇಲೆ ಏರದಂತೆ, ದನಿ ನಿಂತಾಗ ಖಾಲಿ ಅನ್ನಿಸದಂತೆ ಅದರ ಮಟ್ಟ ಇಡುತ್ತಾರೆ. ಮೈಕು ಹಚ್ಚುವ ಮೊದಲೇ ಮಿಕ್ಸಿಂಗ್ ಆಗಿಹೋಯಿತು.

ಯಂತ್ರಗಳಲ್ಲೂ ಹೀಗೆಯೇ. ಕಿಕ್ ಮತ್ತು ಬೇಸ್ ಒಂದನ್ನೊಂದು ನುಂಗುತ್ತಿದ್ದರೆ ಈಕ್ವಲೈಜರ್‌ಗೆ ಕೈಹಾಕುವ ಮೊದಲು ಕಿಕ್ಕಿನ ಮೊಳಗನ್ನು ಗಿಡ್ಡ ಮಾಡಿ, ಅದರ ಶ್ರುತಿಯನ್ನು ಹಾಡಿನ ಶ್ರುತಿಗೆ ಹೊಂದಿಸಿ, ಬೇಸನ್ನು ಪೆಟ್ಟಿನ ನಡುವಿನ ಸಂದುಗಳಲ್ಲಿ ನುಡಿಸಿ, ಇಲ್ಲವೇ ಒಂದು ಸ್ಥಾಯಿ ಮೇಲೆ ಒಯ್ಯಿರಿ. ಸಿಂಥ್‌ನ ಫಿಲ್ಟರ್‌ಗಿಂತ ಒಳ್ಳೆಯ ಈಕ್ವಲೈಜರ್ ಇಲ್ಲ. ಅದು ವಾದ್ಯದ ಒಳಗೇ ಇದೆ, ಕೈಗೇ ಸಿಗುತ್ತದೆ. ರೆಸೊನೆನ್ಸ್ ಏರಿಸಿದ 303ರ ಕೀರಲು ದನಿ, ಕಿವಿ ಅತಿ ಚುರುಕಾಗಿರುವ 2ರಿಂದ 5 ಕಿಲೊಹರ್ಟ್ಸ್ ಹರವಿಗೆ ಬಂದಾಗ ಮೀಟರ್ ಕದಲದಿದ್ದರೂ ತಲೆ ಸಿಡಿಯುತ್ತದೆ. ಆಗ ಮೀಟರ್ ನಂಬಬೇಡಿ, ಕಿವಿ ನಂಬಿ, ಫೇಡರ್ ಇಳಿಸಿ. ಜೂನೊ-60ರಂಥ ಸಿಂಥ್‌ನ ಕೋರಸ್ ಸ್ಟೀರಿಯೊದಲ್ಲಿ ಅಗಲವಾಗಿ ಹರಡಿ ಮನಸೋಲಿಸುತ್ತದೆ, ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಸೊರಗುತ್ತದೆ. ಮಿಕ್ಸರ್‌ನ ಮೊನೊ ಗುಂಡಿ ಒತ್ತಿ ಒಮ್ಮೆ ಕೇಳಿ. ಕೆಳಸ್ವರಗಳಂತೂ ನಡುವಿನಲ್ಲೇ ಇರಲಿ. ವಿನೈಲ್ ತಟ್ಟೆಯ ಕಾಲದಲ್ಲಿ ಎಡ ಬಲ ಎದುರುಬದುರಾದ ಬೇಸ್ ಮುಳ್ಳನ್ನು ಗೆರೆಯಿಂದ ಎತ್ತಿ ಎಸೆಯುತ್ತಿತ್ತು, ಆ ಎಚ್ಚರ ಇಂದಿಗೂ ಹಳತಾಗಿಲ್ಲ.

ಡಿಲೇ ಮತ್ತು ರಿವರ್ಬ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಅವನ್ನು ಆಮೇಲೆ ಸೇರಿಸೋಣ ಎಂದು ಒಣ ಧ್ವನಿ ಮಾತ್ರ ಮುದ್ರಿಸುವವರು ನುಡಿಸುವಾಗ ಕೇಳಿದ್ದು ಒಂದು, ಉಳಿಸಿಕೊಂಡಿದ್ದು ಇನ್ನೊಂದು. ಡಿಲೇ ಮರಳಿ ಬರುವ ಹೊತ್ತಿಗೆ ಕೈ ಅದಕ್ಕೆ ಉತ್ತರ ಕೊಟ್ಟಿರುತ್ತದೆ, ಪಕ್ಕವಾದ್ಯದವರ ಹಾಗೆ. ಅದನ್ನು ತೆಗೆದರೆ ಉತ್ತರ ಮಾತ್ರ ಉಳಿದು ಪ್ರಶ್ನೆ ಮಾಯವಾಗುತ್ತದೆ. ಡಿಲೇಯ ಧ್ವನಿ ಮಿಕ್ಸರ್‌ಗೆ ಮರಳುವ ಚಾನೆಲನ್ನೂ ಒಂದು ವಾದ್ಯವೆಂದೇ ತಿಳಿದು ಅದಕ್ಕೆ ಸ್ವಂತ ಟ್ರ್ಯಾಕ್ ಕೊಡಿ.

ಮುದ್ರಣದ ನಂತರ ಉಳಿಯುವ ಕೆಲಸ ಮುಖ್ಯವಾಗಿ ಆಯುವುದು. ನಲವತ್ತು ನಿಮಿಷದಲ್ಲಿ ಏಳು ನಿಮಿಷ ನಿಲ್ಲುವಂಥದ್ದಿದ್ದರೆ ಅದು ಒಳ್ಳೆಯ ರಾತ್ರಿ. ಧ್ವನಿಯನ್ನು ಕೊನೆಯಲ್ಲಿ ಹಿಂಡಿ ಜೋರು ಮಾಡುವ ಪೈಪೋಟಿಗೆ ಈಗ ಅರ್ಥವಿಲ್ಲ. ಸ್ಪಾಟಿಫೈನಂಥ ಸೇವೆಗಳು ಎಲ್ಲರ ಹಾಡನ್ನೂ ಸುಮಾರು ಒಂದೇ ಮಟ್ಟಕ್ಕೆ ಇಳಿಸಿಯೇ ಕೇಳಿಸುತ್ತವೆ.

ಕೊನೆಗೆ ಉಳಿಯುವುದು ಮುದ್ರಣವಷ್ಟೇ ಎಂಬುದಕ್ಕೆ ಒಂದು ಉದಾಹರಣೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥ್ ಸ್ಥಾಪಿಸಿದರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಯ ಜೋಷಿಪುರ ಅದರ ಮುಂದೆ ಕೂತು 1972ರವರೆಗೆ ಮಾಡಿದ ಪ್ರಯೋಗಗಳು ಟೇಪಿನ ಸುರುಳಿಗಳಾಗಿ ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಮಲಗಿದ್ದವು. ಕಲಾವಿದ ಪಾಲ್ ಪರ್ಗಸ್ ಅವನ್ನು ಆಯ್ದು ಹೊರತಂದದ್ದು 2023ರಲ್ಲಿ. ಆ ಮೂಗ್‌ನ ಮೇಲೆ ಅವರು ಸಿಕ್ಕಿಸಿದ್ದ ವೈರುಗಳನ್ನು ಬಿಚ್ಚಿ ಅರ್ಧ ಶತಮಾನವಾಗಿದೆ. ಗುಂಡಿಗಳು ಎಲ್ಲಿ ನಿಂತಿದ್ದವು ಎಂಬುದು ಇನ್ನು ಸಿಗುವಂಥದ್ದಲ್ಲ. ಟೇಪಿಗೆ ಇಳಿದದ್ದಷ್ಟೇ ಇವತ್ತು ನಮಗೆ ಕೇಳುತ್ತಿದೆ. ಆ ಮುದ್ರಿಕೆ ಕೇಳಿದಂದಿನಿಂದ ನಾನು ಯಂತ್ರಗಳನ್ನು ನಿಲ್ಲಿಸುವ ಮೊದಲು ಫೋನಿನಲ್ಲಿ ಗುಂಡಿಗಳ ಫೋಟೊ ತೆಗೆಯುತ್ತೇನೆ. ಫೈಲಿನ ಹೆಸರಿನಲ್ಲಿ ತಾರೀಖು, ಶ್ರುತಿ, ಲಯದ ವೇಗ ಬರೆಯುತ್ತೇನೆ. ಸ್ಟೀರಿಯೊ ಮುದ್ರಣದ ಕೆಂಪು ಗುಂಡಿ ಒತ್ತಿದೆಯೇ ಎಂದು ನುಡಿಸುವ ಮೊದಲು ಎರಡು ಸಲ ನೋಡುತ್ತೇನೆ.